ಹಕ್ಕಿ ಕೂಗು ಗುರುತಿಸುವ ಆಪ್: ನಾಲ್ಕು ಸ್ಟಾರ್, ಐದು ಕೊಡೋಕಾಗಲಿಲ್ಲ
ಮೂರು ತಿಂಗಳಿಂದ ಬಳಸುತ್ತಿದ್ದೇನೆ, ಫ್ರೀ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಬೆಳಗ್ಗೆ ಐದೂವರೆಗೇ ನಮ್ಮ ನೀರಿನ ಟ್ಯಾಂಕ್ ಮೇಲೆ ಕೂತು ಹಾಡುವ ಗಂಡು ಮಡಿವಾಳ ಹಕ್ಕಿಯನ್ನು ಒಂದೇ ಸಲಕ್ಕೆ ಹಿಡಿಯಿತು. ಮಜಾ ಇರೋದು ರೆಕಾರ್ಡಿಂಗ್ ಜೊತೆ ಸ್ಕ್ರೀನ್ ಮೇಲೆ ಮೂಡುವ ದನಿಯ ಗೆರೆಗಳಲ್ಲಿ: ಅವನು ಸಿಳ್ಳೆಯನ್ನು ಬದಲಿಸುತ್ತಲೇ ಇರುತ್ತಾನೆ, ಪಕ್ಕದ ಮಾವಿನ ಮರದಿಂದ ಇನ್ನೊಂದು ಗಂಡು ಉತ್ತರ ಕೊಟ್ಟಿತೋ, ಗೆರೆಗಳು ಒತ್ತೊತ್ತಾಗಿ ಬರುತ್ತವೆ. ಹೆಣ್ಣನ್ನು ಕರೆಯೋದು, ಜಾಗ ಕಾಯೋದು ಎರಡೂ ಅದೇ ಹಾಡಿನಲ್ಲೇ ಅಲ್ವಾ!

ಸಕಲೇಶಪುರದ ತೋಟದಲ್ಲಿ ಮಾತ್ರ ಆಪ್ ಮೋಸಹೋಯಿತು. ಶಿಕ್ರಾ ಅನ್ನೋ ಸಣ್ಣ ಗಿಡುಗ ಅಂತ ತೋರಿಸಿತು, ತಲೆ ಎತ್ತಿದರೆ ಉದ್ದ ಬಾಲದ ಭೀಮರಾಜ. ಬೇರೆ ಹಕ್ಕಿಗಳ ದನಿ ಕದಿಯೋದರಲ್ಲಿ ಅವನು ಎತ್ತಿದ ಕೈ, ಅದಕ್ಕೆ ಆಪ್‌ನ ಸುಮ್ನೆ ಬೈಯೋದಿಲ್ಲ. ಆದರೆ ಕನ್ನಡದ ಹೆಸರುಗಳಿಲ್ಲ, ಬ್ಯಾಟರಿಯನ್ನೂ ಜಾಸ್ತಿ ತಿನ್ನುತ್ತದೆ. ಒಂದು ಸ್ಟಾರ್ ಕಟ್.