ನಾನಾ ಪೇಠೆಯಲ್ಲಿ ಬುಲೆಟ್ ಪಿಸ್ಟನ್ ತಗೊಳ್ಳುವ ಮೊದಲು ಇದನ್ನು ಓದಿ

ಪುಣೆಯಲ್ಲಿ ಹಳೆ ಬುಲೆಟ್ ಇಂಜಿನ್ ಬಿಚ್ಚಿಸಬೇಕು ಅಂದುಕೊಂಡಿರುವ ನಮ್ಮವರು ದಯವಿಟ್ಟು ಪೂರ್ತಿ ಓದಿ. ನನಗೆ 9,000 ರೂಪಾಯಿ ಹೋಯಿತು, ಎರಡು ತಿಂಗಳು ಹೋಯಿತು. ದುಡ್ಡಿಗಿಂತ ಜಾಸ್ತಿ ಹೊಟ್ಟೆ ಉರಿಯುವುದು ಯಾಕೆ ಅಂದರೆ, ಅನುಮಾನ ಬಂದಾಗ ಎರಡು ಸಲ ಮಾಲು ಮಾರಿದ ಅಂಗಡಿಯವನನ್ನೇ ಕೇಳಿದೆ, ಎರಡು ಸಲವೂ ಅವನ ಮಾತನ್ನೇ ನಂಬಿದೆ.

ಗಾಡಿ ನಮ್ಮಪ್ಪನದು. 1989ರ ಬುಲೆಟ್ 350, ಧಾರವಾಡದಿಂದ ಟೆಂಪೋದಲ್ಲಿ ಹಾಕಿಸಿಕೊಂಡು ತಂದಿದ್ದೆ. ಪಿಸ್ಟನ್ ಓಡಾಡುವ ಕೊಳವೆ ಅಂದರೆ ಬ್ಯಾರಲ್ ಕಬ್ಬಿಣದ್ದು, ಅದರ ಒಳ ಅಗಲ (ಬೋರ್) 70 ಮಿಮೀ, ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ (ಸ್ಟ್ರೋಕ್) 90 ಮಿಮೀ. ಹೊಗೆ ಬಿಡುತ್ತಿತ್ತು, ಕೆಳಗಿಂದ ಸದ್ದೂ ಇತ್ತು. ಭೋಸರಿಯಲ್ಲಿ ಇಂಡಿ ಕಡೆಯ ಮೆಕ್ಯಾನಿಕ್ ಒಬ್ಬರಿದ್ದಾರೆ, ಅವರು ಬಿಚ್ಚಿ ನೋಡಿ ಪಿಸ್ಟನ್ ಕಿಟ್, ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡಿನ ಕಿಟ್ ಎರಡೂ ಬೇಕು ಅಂದರು. ಕಂಪನಿ ಪಿಸ್ಟನ್ ಸಿಗಲಿಲ್ಲ. ನಾನಾ ಪೇಠೆಯ ಒಂದು ಅಂಗಡಿಯಲ್ಲಿ ಹೊರಗಿನ ಮಾಲು (ಬೇರೆಯವರು ಮಾಡಿದ್ದು) ಸಿಕ್ಕಿತು, ಮೂಲ ಅಳತೆಗಿಂತ ಅರ್ಧ ಮಿಮೀ ದೊಡ್ಡದು, ಅಂದರೆ 0.50 ಓವರ್‌ಸೈಜ್.

"ಡೋಳೆ ಝಾಕೂನ್ ಬಸವಾ ಸಾಹೇಬ್, ಸೇಮ್ ಟು ಸೇಮ್ ಆಹೆ" ಅಂದ ಅಂಗಡಿಯವನು. ಕಣ್ಣು ಮುಚ್ಚಿಕೊಂಡು ಹಾಕಿಸಿ ಅಂತ. ಬಿಲ್ಲಿನಲ್ಲಿ "ಪಿಸ್ಟನ್ ಕಿಟ್ 1, ರಾಡ್ ಕಿಟ್ 1" ಅಷ್ಟೇ. ಪಾರ್ಟ್ ನಂಬರ್ ಇಲ್ಲ, ಯಾವ ಮಾಡೆಲ್ ಅಂತ ಇಲ್ಲ.

ಕ್ರ್ಯಾಂಕ್ ಬಿಚ್ಚಿಸಿ ಹೊಸ ರಾಡ್ ಪ್ರೆಸ್ ಮಾಡಿಸಿದ್ದಾಯಿತು. ಪಿಸ್ಟನ್ ಅಳತೆ ನೋಡಿ ಬ್ಯಾರಲ್ ಒಳಗೆ ಕೊರೆಸಿ ಅಗಲ ಮಾಡಿಸಿದ್ದೂ (ಬೋರಿಂಗ್) ಆಯಿತು. ಆಮೇಲೆ ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್ ಹಾಕಲು ಹೋದರೆ ಅದು ಕೂರುವ ಬಳೆ, ಅಂದರೆ ರಾಡಿನ ಮೇಲಿನ ಬುಷ್‌ನಲ್ಲಿ ಗಡಗಡ ಅಲ್ಲಾಡುತ್ತಿದೆ! ಎಣ್ಣೆ ಹಚ್ಚಿ ಹೆಬ್ಬೆರಳಲ್ಲಿ ಒತ್ತಿದರೆ ನಯವಾಗಿ ಹೋಗಬೇಕು, ಅಲ್ಲಾಡಬಾರದು, ಅಲ್ವಾ? ಅಂಗಡಿಯವನಿಗೆ ಫೋನ್ ಮಾಡಿದೆ. "ಎಲ್ಲರೂ ಲೇತ್‌ನಲ್ಲಿ ಬೇರೆ ಬುಷ್ ಮಾಡಿಸ್ತಾರೆ ಸಾಹೇಬ್, ನೀವೊಬ್ಬರೇ ಕೇಳ್ತಿರೋದು." ಮಾಡಿಸಿದೆ.

ಬ್ಯಾರಲ್ ಇಳಿಸಿದರೆ ಪಿಸ್ಟನ್ ತಲೆ ಬ್ಯಾರಲ್ ಅಂಚಿಗಿಂತ 2 ಮಿಮೀ ಮೇಲೆ ಎದ್ದು ನಿಂತಿದೆ. ಮತ್ತೆ ಫೋನ್. "ಕೆಳಗೆ ಒಂದು ಅಲ್ಯೂಮಿನಿಯಂ ಪ್ಲೇಟ್ ಕೊಟ್ಟು ಪ್ಯಾಕಿಂಗ್ ಹಾಕಿ, ಮೆಕ್ಯಾನಿಕ್‌ಗೆ ಗೊತ್ತಿಲ್ವಾ?" ಅಂತ ನನ್ನನ್ನೇ ಕೇಳಿದ. ಮೆಕ್ಯಾನಿಕ್ ಬೇಡ ಅಂದರು. "ಸರ, ಇದು ಬ್ಯಾರೆ ಗಾಡೀದು ಅದ ನೋಡ್ರಿ" ಅಂತ ಅವತ್ತೇ ಹೇಳಿದ್ದರು. ದಸರೆಗೆ ಊರಿಗೆ ಹೋಗಬೇಕಿತ್ತು, ನಾನೇ ಹಟ ಮಾಡಿ ಹಾಕಿಸಿದೆ. ಈಗ ಅವರ ಮುಖ ನೋಡಲು ನಾಚಿಕೆಯಾಗುತ್ತದೆ.

ಬೋರ್ ಅಳತೆ ಕೂತರೆ ಪಿಸ್ಟನ್ ಕೂತಂತೆ ಅಂದುಕೊಂಡಿದ್ದೆ. ಹಾಗಲ್ಲ. ಪಿನ್ನಿನ ನಡುವಿನಿಂದ ಪಿಸ್ಟನ್ ತಲೆಯವರೆಗಿನ ಎತ್ತರ, ರಾಡಿನ ಉದ್ದ, ಸ್ಟ್ರೋಕಿನ ಅರ್ಧ ಅಂದರೆ 45 ಮಿಮೀ, ಈ ಮೂರೂ ಸೇರಿ ಕ್ರ್ಯಾಂಕಿನ ನಡುವಿನಿಂದ ಬ್ಯಾರಲ್ ಮೇಲಂಚಿನವರೆಗಿನ ಎತ್ತರಕ್ಕೆ ಹೊಂದಬೇಕು. 70 ಮಿಮೀ ಬೋರಿನಲ್ಲಿ ಪಿಸ್ಟನ್ 1 ಮಿಮೀ ಆಚೆ ಈಚೆ ಆದರೆ ಅದರ ಮೇಲೆ ಪೆಟ್ರೋಲ್ ಉರಿಯುವ ಜಾಗ ಸುಮಾರು 3.85 ಸಿಸಿ ಬದಲಾಗುತ್ತದೆ. ನನ್ನದು 2 ಮಿಮೀ! ಪ್ಲೇಟ್ ಹಾಕಿ ಬ್ಯಾರಲ್ ಎತ್ತಿದ್ದಕ್ಕೆ ವಾಲ್ವ್ ತೆರೆಸುವ ಕಡ್ಡಿ ಅಂದರೆ ಪುಶ್‌ರಾಡ್ ಸಾಲದೆ ಟ್ಯಾಪೆಟ್ ಪೂರ್ತಿ ಮತ್ತೆ ಹಿಡಿಸಬೇಕಾಯಿತು. ತೂಕದ್ದು ಬೇರೆ ಕಥೆ. ಹೊಸ ಪಿಸ್ಟನ್ 40 ಗ್ರಾಂ ಜಾಸ್ತಿ ಇತ್ತು, ಕ್ರ್ಯಾಂಕ್ ಬ್ಯಾಲೆನ್ಸ್ ಇರುವುದು ಹಳೆ ತೂಕಕ್ಕೆ, 45ರ ವೇಗಕ್ಕೇ ಹ್ಯಾಂಡಲ್ ಕೈಯಲ್ಲಿ ನಡುಗುತ್ತಿತ್ತು.

ನಿಧಾನವಾಗಿ 280 ಕಿಮೀ ಓಡಿಸಿದ್ದೆ. ಕಾತ್ರಜ್ ಘಾಟಿನಲ್ಲಿ ಟಕಟಕ ಶುರುವಾಯಿತು, ಟೆಂಪೋದಲ್ಲಿ ವಾಪಸ್. ಬಿಚ್ಚಿದರೆ ಲೇತ್‌ನಲ್ಲಿ ಮಾಡಿಸಿದ ಬುಷ್ ರಾಡಿನೊಳಗೇ ತಿರುಗಿ ಎಣ್ಣೆ ತೂತು ಮುಚ್ಚಿಹೋಗಿದೆ, ಪಿನ್ ಸುಟ್ಟು ನೀಲಿಯಾಗಿದೆ, ಬ್ಯಾರಲ್‌ನಲ್ಲಿ ಗೀರು. ಮೆಕ್ಯಾನಿಕ್ ಖಾಲಿ ಡಬ್ಬಿ ತಂದು ಸ್ಟಿಕ್ಕರ್ ಅನ್ನು ಉಗುರಿನಿಂದ ಕೆರೆದರು. ಕೆಳಗೆ ಇನ್ನೊಂದು ಸ್ಟಿಕ್ಕರ್. ಬೇರೆ ಗಾಡಿಯ ಹೆಸರು. ನನಗೆ ಮಾತೇ ಹೊರಡಲಿಲ್ಲ. ಅವನಿಗೆ ಗೊತ್ತಿತ್ತು. ಬುಷ್ ಮಾಡಿಸಿ ಅಂದಾಗಲೂ ಗೊತ್ತಿತ್ತು, ಪ್ಲೇಟ್ ಹಾಕಿ ಅಂದಾಗಲೂ ಗೊತ್ತಿತ್ತು.

ಡಬ್ಬಿ ತಗೊಂಡು ಅಂಗಡಿಗೆ ಹೋದೆ. "ಫಿಟ್ ಆದ ಮಾಲು ವಾಪಸ್ ಇಲ್ಲ." ಸ್ಟಿಕ್ಕರ್ ತೋರಿಸಿದೆ. "ಅದು ಹಿಂದಿನವರು ಹಚ್ಚಿದ್ದು." ಹಿಂದಿನವರು ಯಾರು ಅಂದರೆ ಉತ್ತರ ಇಲ್ಲ, ಬೇರೆ ಗಿರಾಕಿ ಕಡೆ ತಿರುಗಿದ. ಆಮೇಲೆ ವಾಟ್ಸಾಪ್‌ನಲ್ಲಿ ಒಂದೇ ಸಾಲು: "ಫಿಟಿಂಗ್ ಮಿಸ್ಟೇಕ್ ಹೈ." ಈಗ ನನ್ನ ನಂಬರ್ ಬ್ಲಾಕ್.

ಹಳೆ ಪಿಸ್ಟನ್, ಪಿನ್, ರಾಡ್ ಮೂರೂ ಚೀಲದಲ್ಲಿ ಹಾಕಿಕೊಂಡೇ ಅಂಗಡಿಗೆ ಹೋಗಿ. ಕೌಂಟರ್ ಮೇಲೆಯೇ ಹೊಸ ಪಿನ್ ಅನ್ನು ಹೊಸ ರಾಡಿಗೆ ಹಾಕಿಸಿ ನೋಡಿ. ಎರಡು ಪಿಸ್ಟನ್ ಪಕ್ಕಪಕ್ಕ ಇಟ್ಟು ವರ್ನಿಯರ್ ಹಿಡಿಸಿ, ತೂಗಿಸಿ. ಅಂಗಡಿಯವನು ಬೇಡ ಅಂದರೆ ಅಲ್ಲಿಂದ ಎದ್ದು ಬನ್ನಿ. ಬೋರಿಂಗ್ ಆಮೇಲೆ, ಮೊದಲೇ ಖಂಡಿತ ಬೇಡ.

ಗೀರು ಬಿದ್ದ ಬ್ಯಾರಲ್ ಈಗ ಮತ್ತೆ ಕೊರೆಸಿ 0.75 ಓವರ್‌ಸೈಜ್‌ಗೆ ಹೋಗಬೇಕು. ಆ ಡಬ್ಬಿ, ಎರಡೂ ಪಿಸ್ಟನ್ ಭೋಸರಿಯ ಗ್ಯಾರೇಜಿನಲ್ಲೇ ಇಟ್ಟಿದ್ದೇನೆ. ತಗೊಳ್ಳಲು ಹೊರಟವರು ಯಾರಾದರೂ ಇದ್ದರೆ ಮೊದಲು ಬಂದು ಕಣ್ಣಾರೆ ನೋಡಿಕೊಂಡು ಹೋಗಿ.