ಇಎಸ್‌ಐ ಬಳಸಿ ನೋಡಿದವನ ಮಾತು: ಗಾಯಕ್ಕೆ ನಾಲ್ಕು ಸ್ಟಾರ್, ಕೆಲಸ ಹೋದದ್ದಕ್ಕೆ ಎರಡು

ತಿಂಗಳಿಗೆ 124 ರೂಪಾಯಿ. ನನ್ನ 16,500 ಸಂಬಳದಲ್ಲಿ ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಅಂತ ಕಟ್ ಆಗುತ್ತಿದ್ದದ್ದು ಇಷ್ಟು. ನಮ್ಮ ಪಾಲು ಶೇ 0.75, ಮಾಲೀಕರ ಪಾಲು ಶೇ 3.25. ಸಂಬಳದ ಚೀಟಿಯಲ್ಲಿ ಇದನ್ನು ನೋಡಿ ‘ಸುಮ್ನೆ ದಂಡ’ ಅಂತ ಬೈಯುವವರೇ ನಮ್ಮಲ್ಲಿ ಜಾಸ್ತಿ. ಜ್ವರ ಬಂದರೆ ಇಎಸ್‌ಐ ಆಸ್ಪತ್ರೆಯಲ್ಲಿ ಯಾರು ಕ್ಯೂ ನಿಲ್ಲುತ್ತಾರೆ, ಬೀದಿ ಕೊನೆಯ ಕ್ಲಿನಿಕ್ಕೇ ವಾಸಿ ಅನ್ನುತ್ತಾರೆ. ಜ್ವರದ ಮಟ್ಟಿಗೆ ನಾನೂ ಒಪ್ಪುತ್ತೇನೆ. ಮೆಷಿನ್‌ಗೆ ಕೈ ಸಿಕ್ಕಾಗ ಲೆಕ್ಕವೇ ಬೇರೆ.

ನಾನು ಬೆಂಗಳೂರಿನ ಪೀಣ್ಯದಲ್ಲಿ ಪವರ್ ಪ್ರೆಸ್ ಆಪರೇಟರ್ ಆಗಿದ್ದೆ, ಅಂದರೆ ಲೋಹದ ಶೀಟನ್ನು ಒತ್ತಿ ಪೀಸ್ ಮಾಡುವ ಮೆಷಿನ್ ಮೇಲೆ. ಶೀಟು ಇಡು, ಪೆಡಲ್ ತುಳಿ, ಪೀಸ್ ತೆಗಿ. ಎರಡೂ ಕೈಯಲ್ಲಿ ಬಟನ್ ಒತ್ತಿದರೆ ಮಾತ್ರ ಪ್ರೆಸ್ ಇಳಿಯುವ ಹಾಗೆ ಮಾಡಬಹುದು. ಮುಂದೆ ಸೆನ್ಸರ್ ಹಾಕಬಹುದು. ನಮ್ಮಲ್ಲಿ ಎರಡೂ ಇರಲಿಲ್ಲ, ಪ್ರೊಡಕ್ಷನ್ ಕಮ್ಮಿ ಆಗುತ್ತೆ ಅಂತ. ಒಂದು ದಿನ ಪೆಡಲ್‌ನಿಂದ ಕಾಲು ತೆಗೆದಿದ್ದರೂ ಪ್ರೆಸ್ ಇನ್ನೊಂದು ಸಲ ಹೊಡೆಯಿತು. ಬಲಗೈ ತೋರುಬೆರಳಿನ ಎರಡು ಗೆಣ್ಣು ಹೋಯಿತು. ಕಂಪನಿ ಹೆಸರು ಇಲ್ಲಿ ಬೇಡ.

ಎಲ್ಲ ನಿಂತಿರುವುದು ಆಮೇಲಿನ ಒಂದು ಗಂಟೆಯ ಮೇಲೆ. ಕೈಗೆ ಬಟ್ಟೆ ಸುತ್ತುತ್ತಾ ಸೂಪರ್‌ವೈಸರ್ ಹೇಳಿದ್ದು, “ಇಎಸ್‌ಐ ಗಿಎಸ್‌ಐ ಬೇಡ ಕಣಪ್ಪ, ಅಲ್ಲಿ ಲೇಟಾಗುತ್ತೆ. ನರ್ಸಿಂಗ್ ಹೋಮಿಗೆ ಹೋಗೋಣ, ಬಿಲ್ಲು ಓನರ್ ಕಟ್ಟುತ್ತಾರೆ. ಕೈಗೂ ಏನಾದರೂ ಕೊಡಿಸುತ್ತೀನಿ.” ಕೇಳೋಕೆ ಚೆನ್ನಾಗಿರುತ್ತೆ. ನನಗಿಂತ ಮುಂಚೆ ನಮ್ಮಲ್ಲೇ ಬೆರಳು ಕಳೆದುಕೊಂಡ ಒಬ್ಬರು ಹೀಗೇ ನರ್ಸಿಂಗ್ ಹೋಮಿಗೆ ಹೋಗಿ, 40,000 ರೂಪಾಯಿ ಕೈಗೆ ತಗೊಂಡು ಸಹಿ ಹಾಕಿದ್ದರು. ಅವರ ಹೆಸರಿನಲ್ಲಿ ಅಪಘಾತದ ವರದಿಯೇ ಹೋಗಿರಲಿಲ್ಲ. ವರದಿ ಹೋದರೆ ‘ಮೆಷಿನ್‌ಗೆ ಕೈ ಕಾಯುವ ಗಾರ್ಡ್ ಎಲ್ಲಿ’ ಅಂತ ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಬಂದು ಕೇಳಬಹುದಲ್ವಾ, ಆ ಭಯ. ನಾನು ಹಟ ಹಿಡಿದೆ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೇ ಕರೆದುಕೊಂಡು ಹೋದರು. ಆಪರೇಷನ್ ನೀಟಾಗಿ ಮಾಡಿದರು, ಒಂದು ರೂಪಾಯಿ ಬಿಲ್ಲಿಲ್ಲ. ಡ್ರೆಸ್ಸಿಂಗ್ ಮಾಡುತ್ತಿದ್ದ ಸಿಸ್ಟರ್, “ಫಾರಂ 12 ಕಳಿಸಿದಾರಾ ಕೇಳಿ ಅಣ್ಣ, ಕಾಪಿ ಇಟ್ಕೊಳ್ಳಿ” ಅಂದರು. ಆ ಹೆಣ್ಣುಮಗಳಿಗೆ ಬೇರೆಯೇ ಐದು ಸ್ಟಾರ್ ಕೊಡಬೇಕು.

ಫಾರಂ 12 ಅಂದರೆ ಮಾಲೀಕರು ಕಳಿಸಬೇಕಾದ ಅಪಘಾತದ ವರದಿ. ಅದನ್ನು ಅವರು ಆನ್‌ಲೈನಿನಲ್ಲೇ ಹಾಕಬೇಕು. ನಮ್ಮವರು ‘ಇವತ್ತು, ನಾಳೆ’ ಅಂದರು. ಏರಿಯಾದ ಯೂನಿಯನ್ ಅಣ್ಣನೊಬ್ಬರು ಫೋನ್ ಮಾಡಿದ ಮೇಲೆ ಹೋಯಿತು. ಅದರಲ್ಲಿ ಸಮಯ, ಮೆಷಿನ್, ಸಾಕ್ಷಿಯ ಹೆಸರು ಸರಿಯಾಗಿದೆಯಾ ಅಂತ ನೀವೇ ಓದಿ ನೋಡಿ. ‘ಅವನೇ ಅಜಾಗ್ರತೆಯಿಂದ ಕೈ ಹಾಕಿದ’ ಅಂತ ಬರೆದರೂ ಹೆದರಬೇಡಿ. ಕೆಲಸ ಮಾಡುತ್ತಾ ಆದ ಗಾಯಕ್ಕೆ ತಪ್ಪು ಯಾರದು ಅನ್ನುವುದು ಇಲ್ಲಿ ಮುಖ್ಯವಲ್ಲ. ಎಷ್ಟು ತಿಂಗಳು ದುಡ್ಡು ಕಟ್ಟಿದ್ದೀರಿ ಅನ್ನುವುದೂ ಬೇಕಿಲ್ಲ, ಸೇರಿದ ಮೊದಲ ದಿನ ಆದರೂ ಹಕ್ಕು ಇದೆ. ಮಾಲೀಕರು ಕಟ್ ಮಾಡಿಕೊಂಡು ಕಟ್ಟದೇ ಇದ್ದರೆ ಅದನ್ನು ವಸೂಲಿ ಮಾಡುವುದು ಇಎಸ್‌ಐನವರ ತಲೆನೋವು, ನಿಮ್ಮದಲ್ಲ. ಕಂಟ್ರಾಕ್ಟ್ ಮೇಲೆ ಇರುವವರಿಗೂ ಇದೇ ಮಾತು. ಮನೆಯಿಂದ ಡ್ಯೂಟಿಗೆ ಬರುವಾಗ, ಡ್ಯೂಟಿ ಮುಗಿಸಿ ಹೋಗುವಾಗ ದಾರಿಯಲ್ಲಿ ಆದ ಆಕ್ಸಿಡೆಂಟ್ ಕೂಡ 2010ರ ತಿದ್ದುಪಡಿ ಆದ ಮೇಲೆ ಸೇರುತ್ತದೆ. ಆ ಹೊತ್ತು, ಆ ದಾರಿ ಕೆಲಸಕ್ಕೆ ಸಂಬಂಧಪಟ್ಟದ್ದು ಅಂತ ತೋರಿಸಬೇಕು ಅಷ್ಟೆ.

ಈಗ ದುಡ್ಡಿನ ವಿಷಯ. ನನ್ನ ದಿನದ ಕೂಲಿ 550 ಅಂತ ಲೆಕ್ಕ ಹಾಕಿದರು. ಅದರ ಶೇ 90 ಅಂದರೆ 495. ಕೈ ವಾಸಿಯಾಗುವ ತನಕ ದಿನಕ್ಕೆ ಅಷ್ಟು, ಭಾನುವಾರವೂ ಸೇರಿ. ಕಾಯಿಲೆ ರಜೆಗಾದರೆ ಶೇ 70, ಅದೂ ವರ್ಷಕ್ಕೆ 91 ದಿನದ ಮಿತಿ. ಕೆಲಸದ ಗಾಯಕ್ಕೆ ಆ ಮಿತಿ ಇಲ್ಲ. ಆದರೆ ಡಾಕ್ಟರ್ ಸರ್ಟಿಫಿಕೇಟ್ ಇಲ್ಲದ ದಿನಕ್ಕೆ ದುಡ್ಡೂ ಇಲ್ಲ, ಅದನ್ನು ತಪ್ಪದೆ ಇಎಸ್‌ಐ ಬ್ರಾಂಚ್ ಆಫೀಸಿಗೆ ಮುಟ್ಟಿಸುತ್ತಾ ಇರಬೇಕು. ಇನ್ನೊಂದು ವಿಷಯ. ನಮ್ಮಲ್ಲಿ ಓಟಿ (ಓವರ್‌ಟೈಮ್) ದುಡ್ಡು ಚೀಟಿಯಲ್ಲಿ ಬರುತ್ತಿರಲಿಲ್ಲ, ಕೈಗೆ ಕೊಡುತ್ತಿದ್ದರು. ಕಟ್ ಆಗಲ್ಲ ಅಂತ ನಾವೂ ಖುಷಿಯಾಗಿದ್ದೆವು. ಓಟಿಯೂ ಚೀಟಿಯಲ್ಲಿ ಬಂದು ಅದಕ್ಕೂ ಇಎಸ್‌ಐ ಕಟ್ಟಿದ್ದರೆ ಆ 495 ಇನ್ನೂ ಜಾಸ್ತಿ ಆಗುತ್ತಿತ್ತು.

ಗಾಯ ಒಣಗಿದ ಮೇಲೆ ಮೆಡಿಕಲ್ ಬೋರ್ಡ್, ದುಡಿಯುವ ಶಕ್ತಿ ಶೇಕಡಾ ಎಷ್ಟು ಹೋಯಿತು ಅಂತ ಹೇಳುವವರು. ಕಾನೂನಿನಲ್ಲಿ ಬೆರಳಿಗೆ ಹೋಟೆಲ್ ದರಪಟ್ಟಿ ತರಹದ ಒಂದು ಪಟ್ಟಿ ಇದೆ. ಹೆಬ್ಬೆರಳು ಪೂರ್ತಿ ಹೋದರೆ ಶೇ 30. ತೋರುಬೆರಳು ಪೂರ್ತಿ ಶೇ 14, ಎರಡು ಗೆಣ್ಣಾದರೆ 11, ಒಂದಾದರೆ 9. ಮಧ್ಯದ ಬೆರಳು ಪೂರ್ತಿ ಹೋದರೂ ಶೇ 12 ಅಷ್ಟೇ. ಓದುವಾಗ ಹೊಟ್ಟೆ ತೊಳಸುತ್ತದೆ. ಆದರೆ ಚೌಕಾಸಿ ಇಲ್ಲ, ಅದು ಒಳ್ಳೆಯದೇ. ನನ್ನದು 11. ಅಂದರೆ 495ರ ಶೇ 11, ದಿನಕ್ಕೆ 54 ರೂಪಾಯಿ ಚಿಲ್ಲರೆ, ತಿಂಗಳಿಗೆ 1,600ರ ಮೇಲೆ. ಜೀವ ಇರುವ ತನಕ. ಬೇರೆ ಕಡೆ ಕೆಲಸಕ್ಕೆ ಸೇರಿ ಸಂಬಳ ತಗೊಂಡರೂ ಇದು ನಿಲ್ಲುವುದಿಲ್ಲ. ಬೆಲೆ ಏರಿದ ಹಾಗೆ ಆಗಾಗ ಸ್ವಲ್ಪ ಏರಿಸುತ್ತಾರೆ ಕೂಡ. ಆ 40,000 ತಗೊಂಡವರ ಜೊತೆ ಕೂತು ಲೆಕ್ಕ ಹಾಕಿದೆ. ಎರಡು ವರ್ಷ ಒಂದು ತಿಂಗಳಿಗೆ ಅವರ ದುಡ್ಡು ನನ್ನದಕ್ಕೆ ಸಮ. ಆಮೇಲಿಂದು ಪೂರ್ತಿ ನಷ್ಟ. ಪಾಪ, ಅವರಿಗೆ ಹೇಳೋಕೂ ಸಂಕಟ ಆಯಿತು.

ಬೋರ್ಡ್ ಕೊಟ್ಟ ಪರ್ಸೆಂಟು ಕಮ್ಮಿ ಅನಿಸಿದರೆ ಮೂರು ತಿಂಗಳೊಳಗೆ ಮೆಡಿಕಲ್ ಅಪೀಲ್ ಟ್ರಿಬ್ಯುನಲ್‌ಗೆ ಹೋಗಬಹುದು, ಇಲ್ಲವೇ ನೇರ ಇಎಸ್‌ಐ ಕೋರ್ಟಿಗೆ. ಒಂದು ಕಡೆ ಮಾತ್ರ ಬಾಗಿಲು ಮುಚ್ಚಿದೆ. ಇಎಸ್‌ಐಗೆ ಸೇರಿದವರು ಮಾಲೀಕರಿಂದ ಒಂದೇ ಗಂಟಿನ ಪರಿಹಾರ ಕೇಳುವ ಹಾಗಿಲ್ಲ. ಅದು ಇಎಸ್‌ಐ ಇಲ್ಲದವರಿಗೆ. ಎರಡೂ ಕೊಡಿಸುತ್ತೀನಿ ಅನ್ನುವ ಏಜೆಂಟರು ಸಿಗುತ್ತಾರೆ, ನಂಬಬೇಡಿ.

ರಜೆಯಲ್ಲಿದ್ದಾಗ ಫೋನ್ ಬಂತು, “ಬೇರೆ ಕಡೆ ನೋಡ್ಕೊಳ್ಳಪ್ಪ” ಅಂತ. ಗಾಯ ವಾಸಿಯಾಗುವ ತನಕದ ಆ ದಿನದ ದುಡ್ಡು ಬರುತ್ತಿರುವಾಗ ಕೆಲಸದಿಂದ ತೆಗೆಯುವ ಹಾಗಿಲ್ಲ. ಇದನ್ನು ಯೂನಿಯನ್ ಅಣ್ಣ ಹೇಳಿಕೊಟ್ಟ ಹಾಗೆ ಹೇಳಿದೆ, ಸುಮ್ಮನಾದರು. ವಾಪಸ್ ಹೋಗಿ ಪ್ಯಾಕಿಂಗ್‌ನಲ್ಲಿ ಕೂತೆ. ಮುಂದೆ ಆರ್ಡರ್ ಇಲ್ಲ ಅಂತ ಹಲವರನ್ನು ಮನೆಗೆ ಕಳಿಸಿದಾಗ ನನ್ನ ಹೆಸರೂ ಇತ್ತು.

ಆಗ ಗೊತ್ತಾದದ್ದು ಇಎಸ್‌ಐನದೇ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ. 2018ರಲ್ಲಿ ಶುರುವಾಗಿದ್ದು, ಕೆಲಸ ಹೋದವರಿಗೆ ಭತ್ಯೆ. ಮೊದಲು ದಿನದ ಕೂಲಿಯ ಶೇ 25 ಇತ್ತು, ಕೊರೊನಾ ಬಂದಾಗ 50 ಮಾಡಿದರು. ನನಗೆ ಸಿಕ್ಕಿದ್ದು 50ರ ಲೆಕ್ಕ, ದಿನಕ್ಕೆ 275. ಬೆರಳಿನ ದುಡ್ಡಿಗೆ ಇದು ಅಡ್ಡ ಬರಲಿಲ್ಲ. ಆದರೆ ಜೀವಮಾನದಲ್ಲಿ ಒಟ್ಟು 90 ದಿನ ಮಾತ್ರ. ಬಾಡಿಗೆ, ಮಗಳ ಸ್ಕೂಲ್ ಫೀಸು ಇರುವವನಿಗೆ ಇದು ಏನಕ್ಕೂ ಸಾಲದು. ಶಿಸ್ತುಕ್ರಮದಲ್ಲಿ ತೆಗೆದವರಿಗೆ, ರಿಟೈರ್ ಆದವರಿಗೆ, ಸ್ವಯಂ ನಿವೃತ್ತಿ ತಗೊಂಡವರಿಗೆ ಇಲ್ಲ. ಹಾಗಾಗಿ ‘ಒಂದು ಲೆಟರ್ ಬರೆದುಕೊಟ್ಟು ಹೋಗು’ ಅಂದರೆ, ಏನು ಬರೆಸುತ್ತಿದ್ದಾರೆ ಅಂತ ನೋಡದೆ ಸಹಿ ಹಾಕಬೇಡಿ. ನಾನು ಹಾಕಲಿಲ್ಲ. ಅದರ ಸಿಟ್ಟಿಗೋ ಸೋಮಾರಿತನಕ್ಕೋ, ನಾನು ಕೆಲಸ ಬಿಟ್ಟ ತಾರೀಕನ್ನೇ ಕಂಪನಿಯವರು ಆನ್‌ಲೈನಿನಲ್ಲಿ ಹಾಕಿರಲಿಲ್ಲ. ಅರ್ಜಿ ಅಲ್ಲೇ ಸಿಕ್ಕಿಕೊಂಡಿತು. ನಿರುದ್ಯೋಗ ಭತ್ಯೆ ನನ್ನ ಅಕೌಂಟಿಗೆ ಬೀಳುವಷ್ಟರಲ್ಲಿ ದಾಬಸ್‌ಪೇಟೆಯ ಒಂದು ಗೋಡೌನಿನಲ್ಲಿ ಹೊಸ ಕೆಲಸ ಸಿಕ್ಕಾಗಿತ್ತು.