ಬಂದ ಹಡಗನ್ನು ಧಕ್ಕೆಗೆ ಕಟ್ಟಿ ನಿಲ್ಲಿಸೋಕೆ ಹಗ್ಗವೋ, ಅಯಸ್ಕಾಂತವೋ, ನಿರ್ವಾತವೋ?

ವಾರಕ್ಕೊಂದು ಹಡಗು ಬರುವ ಧಕ್ಕೆಗೆ ಹಗ್ಗವೇ ಸಾಕು. ಖರ್ಚು ಕಡಿಮೆ, ಯಾವ ಹಡಗಿಗೂ ಆಗುತ್ತದೆ. ಆದರೆ ಬಿಗಿದ ಹಗ್ಗ ತುಂಡಾದರೆ ತುದಿ ಚಾಟಿಯಂತೆ ಬೀಸುತ್ತದೆ. ಅಡ್ಡ ನಿಂತವರ ಜೀವವೇ ಹೋಗಬಹುದು.

ದಿನಕ್ಕೆ ಹಲವು ಸಲ ಬಂದುಹೋಗುವ ಫೆರಿಯಾದರೆ ಉಳಿದೆರಡನ್ನು ನೋಡಿ. ಎರಡರಲ್ಲೂ ಧಕ್ಕೆಯ ಮೇಲಿನ ತೋಳು ಚಾಚಿಕೊಂಡು ಹಡಗಿನ ಪಕ್ಕಕ್ಕೆ ಅಂಟಿಕೊಳ್ಳುತ್ತದೆ, ನೀರಿನ ಜೊತೆ ಏರಿಳಿಯುತ್ತದೆ.

ಹಡಗಿನ ಮೈ ಅಲ್ಯೂಮಿನಿಯಂ ಅಥವಾ ಫೈಬರ್ ಆದರೆ ಅಯಸ್ಕಾಂತದ ಮಾತೇ ಬೇಡ. ಉಕ್ಕೇ ಆದರೂ ಮಧ್ಯೆ ಸಂದು ಇರಬಾರದು. ದಪ್ಪ ಪೇಂಟು, ತುಕ್ಕು, ಬೆಸುಗೆಯ ಉಬ್ಬು, ಹೀಗೆ ಕೆಲವೇ ಮಿಲಿಮೀಟರ್ ಅಂತರ ಬಂದರೂ ಹಿಡಿತ ತುಂಬಾ ಸಡಿಲವಾಗುತ್ತದೆ. ಒಳಗಿನ ಗಾಳಿ ಹೀರಿ ಅಂಟಿಕೊಳ್ಳುವ ನಿರ್ವಾತದ ಪ್ಯಾಡಿಗೆ ಹಡಗಿನ ಮೈ ಯಾವುದರದ್ದಾದರೂ ಸರಿ, ಸಪಾಟು ಜಾಗ ಬೇಕು ಅಷ್ಟೇ. ಅಂಚಿನ ರಬ್ಬರ್ ಸವೆದರೆ ಗಾಳಿ ನುಗ್ಗುತ್ತದೆ. ಹಿಡಿಯುವುದು ಹೊರಗಿನ ಗಾಳಿಯ ಒತ್ತಡವೇ ಆದ್ದರಿಂದ ಚದರ ಮೀಟರಿಗೆ ಹೆಚ್ಚೆಂದರೆ ಸುಮಾರು 10 ಟನ್ ಬಲ.

ಕರೆಂಟ್ ಹೋದರೆ? ನಿರ್ವಾತ ನಿಧಾನಕ್ಕೆ ಸೋರುತ್ತದೆ. ಬರೀ ವಿದ್ಯುತ್ಕಾಂತವಾದರೆ ಕೂಡಲೇ ಕೈಬಿಡುತ್ತದೆ. ಹಿಡಿಯಲು, ಬಿಡಲು ಮಾತ್ರ ಕರೆಂಟ್ ಬಳಸುವ ಶಾಶ್ವತ ಅಯಸ್ಕಾಂತದ ಬಗೆ ಹಿಡಿದೇ ಇರುತ್ತದೆ. ಅಯಸ್ಕಾಂತವೇ ಆದರೆ ನಾನು ಆ ಬಗೆಯದನ್ನೇ ಕೇಳುತ್ತೇನೆ.